ಹೂವಮ್ಮನ ಅಪ್ಪಣೆ ಮತ್ತು ಮೂರು ಸರ್ವರ್‌ಗಳು

ನಾನು ಇಷ್ಟು ವರ್ಷ ಮಾಡಿದ ಕೆಲಸವನ್ನು ನನ್ನ ಹೆಂಡತಿ ಇವತ್ತಿಗೂ ನೆಂಟರಿಗೆ "ಕಂಪ್ಯೂಟರ್ ರಿಪೇರಿ" ಎಂದೇ ಹೇಳುತ್ತಾಳೆ. ರಿಪೇರಿಯವನಿಗೆ ಒಂದು ಮರ್ಯಾದೆ ಇರುತ್ತದೆ, ಕೆಟ್ಟದ್ದನ್ನು ಸರಿ ಮಾಡಿ ಹೋಗುತ್ತಾನೆ. ನಾನಾದರೋ ಸರಿಯಾಗಿ ನಡೆಯುತ್ತಿದ್ದ ಯಂತ್ರವನ್ನು ತಿಂಗಳಿಗೊಮ್ಮೆ ನಿಲ್ಲಿಸಿ, ಅದರೊಳಗೆ ಹೊಸದೇನೋ ತುಂಬಿ, ಮತ್ತೆ ಎಬ್ಬಿಸಿ, ಹಿಂದಿನಂತೆಯೇ ನಡೆಯುತ್ತಿದೆಯೇ ಎಂದು ನೋಡುತ್ತಿದ್ದವನು. ಎಲ್ಲ ಸರಿಯಾದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಚೂರು ಎಡವಟ್ಟಾದರೆ ಇಡೀ ಆಸ್ಪತ್ರೆಗೆ ಗೊತ್ತಾಗುತ್ತದೆ. "ಮೊದ್ಲು ಹೆಂಗಿತ್ತೋ ಹಂಗೇ ಇಡಕ್ಕೆ ಸಂಬಳ ಕೊಡ್ತಾರಾ ನಿಂಗೆ?" ಎಂದು ನನ್ನ ಭಾವ ಒಮ್ಮೆ ಕೇಳಿದ್ದರು. ಹೌದು ಎಂದೆ.

ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಸರ್ಟಿಫಿಕೇಟುಗಳ ಕಟ್ಟನ್ನೇ ಹಿಡಿದು ಬರುತ್ತಾರೆ. ತಾಂತ್ರಿಕವಾಗಿ ಅವರಿಗೆ ನಾನು ಕಲಿಸುವಂಥದ್ದು ಏನೂ ಇಲ್ಲ. ಸರ್ಟಿಫಿಕೇಟಿನಲ್ಲಿ ಬರೆಯದ ಕೆಲವು ಸಂಗತಿಗಳಿವೆ, ಅವನ್ನಷ್ಟೇ ಹೇಳುತ್ತೇನೆ. ಬಡ್ತಿಯ ಕಥೆ ಹೇಳುವುದಿಲ್ಲ. ನಮ್ಮ ಕಂಪ್ಯೂಟರ್ ವಿಭಾಗದಲ್ಲಿ ಇದ್ದವನು ನಾನೊಬ್ಬನೇ. ಬಡ್ತಿ ಸಿಕ್ಕಿದ್ದರೆ ನನ್ನ ಮೇಲೆ ನಾನೇ ಅಧಿಕಾರ ಚಲಾಯಿಸಬೇಕಿತ್ತು.

ನಮ್ಮ ಟ್ರಸ್ಟಿಗೆ ಮೂರು ಆಸ್ಪತ್ರೆಗಳು. ಸಾಗರದ್ದು ದೊಡ್ಡದು, ತೀರ್ಥಹಳ್ಳಿಯದು ನಡುವಿನದು, ಹೊಸನಗರದ್ದು ಸಣ್ಣದು. ಒಂದೊಂದರಲ್ಲಿ ಒಂದೊಂದು ಸರ್ವರ್. ರೋಗಿಗಳ ಹೆಸರು, ಚೀಟಿ, ರಕ್ತಪರೀಕ್ಷೆಯ ವರದಿ ಎಲ್ಲವನ್ನೂ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡು ಬೇರೆ ಕಂಪ್ಯೂಟರುಗಳು ಕೇಳಿದಾಗ ಕೊಡುವ ಯಂತ್ರ ಅದು. ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಂನಲ್ಲಿ ಎಲ್ಲೆಲ್ಲೋ ತೂತುಗಳಿರುತ್ತವೆ. ತಯಾರಿಸಿದವರಿಗೆ ಅವು ಗೊತ್ತಾಗುವುದು ಮಾರಿದ ಮೇಲೆ. ಗೊತ್ತಾದಾಗೆಲ್ಲ ಒಂದು ತೇಪೆ ಕಳಿಸುತ್ತಾರೆ. ಅದೇ ಪ್ಯಾಚ್, ಅದೇ ಅಪ್‌ಡೇಟ್. ಹಾಕದಿದ್ದರೆ ತೂತಿನಿಂದ ಕಳ್ಳರು ನುಗ್ಗುತ್ತಾರೆ, ಹಾಕುವಾಗ ತಪ್ಪಿದರೆ ಯಂತ್ರವೇ ಮಲಗುತ್ತದೆ. ನನ್ನ ಇಡೀ ನೌಕರಿ ಇವೆರಡರ ನಡುವೆ ನಡೆಯಿತು.

ಲೋಕದ ಸರ್ವರ್‌ಗಳಿಗೆಲ್ಲ ರಾತ್ರಿ ಅಪ್‌ಡೇಟ್ ಹಾಕುತ್ತಾರೆ. ನಮ್ಮಲ್ಲಿ ಮಧ್ಯಾಹ್ನ. ಕಾರಣ ಎರಡು. ಸಂಜೆಯಾದ ಮೇಲೆ ಹೊಸನಗರದಿಂದ ಸಾಗರಕ್ಕೆ ಬಸ್ಸು ಸಿಗುವ ಖಾತ್ರಿ ಇರಲಿಲ್ಲ. ಜೊತೆಗೆ ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು, ಮುಗಿಸದವನಿಗೆ ಮರುದಿನದವರೆಗೆ ಅಮ್ಮನ ಮೌನ. ಆದ್ದರಿಂದ ಡಾಕ್ಟರು ಊಟಕ್ಕೆ ಎದ್ದು ಹೋಗಿ ಮತ್ತೆ ಬರುವುದರೊಳಗೆ ಸರ್ವರ್ ಮಲಗಿ ಏಳಬೇಕು ಎಂಬ ಪದ್ಧತಿ ಬಿತ್ತು.

ಮೊದಲು ಹೊಸನಗರ, ಅಲ್ಲಿ ಏನೂ ಆಗದಿದ್ದರೆ ತೀರ್ಥಹಳ್ಳಿ, ಕೊನೆಗೆ ಸಾಗರ. ಇದು ನಮ್ಮ ಆಡಳಿತಾಧಿಕಾರಿ ಚಂದ್ರಶೇಖರಪ್ಪನವರ ಆಜ್ಞೆ. ನೀರಾವರಿ ಇಲಾಖೆಯಿಂದ ನಿವೃತ್ತರಾಗಿ ಬಂದವರು. ಯಾವ ಕಾಗದವನ್ನೂ ಮೂರು ಸಲ ಓದದೆ ಸಹಿ ಹಾಕುತ್ತಿರಲಿಲ್ಲ. ಪ್ರತಿ ಅಪ್‌ಡೇಟಿಗೂ ಅವರ ಲಿಖಿತ ಅನುಮತಿ ಬೇಕಿತ್ತು.

"ಏನ್ರೀ, ಚೆನ್ನಾಗೇ ನಡೀತಿದ್ಯಲ್ಲ, ಮತ್ಯಾಕೆ ಕೈ ಹಾಕ್ತೀರಿ?"

"ತೂತುಗಳಿವೆ ಸಾರ್, ಮುಚ್ಚಬೇಕು."

"ಹೋದ ತಿಂಗಳು ಮುಚ್ಚಿದ್ರಲ್ಲ?"

"ಅವು ಬೇರೆ ತೂತು ಸಾರ್."

ಪ್ರತಿ ತಿಂಗಳೂ ಇದೇ ಸಂಭಾಷಣೆ. ಒಮ್ಮೆ ತುರ್ತು ಅಪ್‌ಡೇಟ್ ಬಂದಾಗ ಅವರು ಸಂಸಾರ ಸಮೇತ ಸಿಗಂದೂರಿಗೆ ಹೊರಟು ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚಿಗೆ ಕಾಯುತ್ತಿದ್ದರು. ನಾನು ಬೈಕಿನಲ್ಲಿ ಹೋಗಿ ಸರತಿಯಲ್ಲಿ ಅವರನ್ನು ಹುಡುಕಿ, ಬೇರೆ ಯಾರದೋ ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ಸಹಿ ಹಾಕಿಸಿಕೊಂಡು ಬಂದೆ. ಅಲ್ಲೂ ಮೂರು ಸಲ ಓದಿದರು. ಅಷ್ಟರಲ್ಲಿ ಒಂದು ಲಾಂಚು ಅವರನ್ನು ಬಿಟ್ಟು ಹೋಯಿತು.

ತೀರ್ಥಹಳ್ಳಿಯ ತೊಂದರೆ ಬೇರೆ ಥರದ್ದು. ಅಲ್ಲಿನ ಮುಖ್ಯ ವೈದ್ಯೆ ಶಾಲಿನಿ ಡಾಕ್ಟರು ಅಪ್‌ಡೇಟನ್ನು ಔಷಧದಂತೆಯೇ ನೋಡುತ್ತಿದ್ದರು. ಅಡ್ಡಪರಿಣಾಮ ಏನು ಎಂದು ಮೊದಲೇ ಕೇಳುತ್ತಿದ್ದರು. ಏನೂ ಇಲ್ಲ ಎಂದರೆ ನಂಬುತ್ತಿರಲಿಲ್ಲ, ಏನೂ ಇಲ್ಲದ ಔಷಧವನ್ನು ಅವರು ಕಂಡಿರಲಿಲ್ಲ. ಅಪ್‌ಡೇಟ್ ಹಾಕಿದ ಒಂದು ವಾರದವರೆಗೆ ಆಸ್ಪತ್ರೆಯಲ್ಲಿ ಏನಾದರೂ ಅದಕ್ಕೆ ನಾನೇ ಹೊಣೆ. ಪ್ರಿಂಟರಿನಲ್ಲಿ ಇಂಕು ಮುಗಿದರೆ ಫೋನು. ಬಾಗಿಲು ಕಿರುಗುಟ್ಟಿದರೂ ಫೋನು.

"ಮಾರಾಯ್ರೆ, ನಿಮ್ಮ ಅಪ್‌ಡೇಟ್ ಆದ್ಮೇಲೆ ನನ್ನ ರೂಮಿನ ಫ್ಯಾನು ನಿಧಾನ ಆಗಿದೆ."

"ಡಾಕ್ಟ್ರೇ, ಫ್ಯಾನಿಗೂ ಸರ್ವರಿಗೂ ಸಂಬಂಧವೇ ಇಲ್ಲ."

"ಹಾಗಂತ ಹೇಳ್ತೀರಿ. ನೋಡಿ ಹೋಗಿ."

ಹೋಗಿ ನೋಡಿದೆ. ಫ್ಯಾನಿನ ಕೆಪಾಸಿಟರ್ ಹೋಗಿತ್ತು. ಎಲೆಕ್ಟ್ರಿಷಿಯನ್ನನ್ನು ಕರೆದು ಬದಲಾಯಿಸಿಯೇ ಬಂದೆ. ಅದು ನನ್ನ ದೊಡ್ಡ ತಪ್ಪು. ಅಲ್ಲಿಂದಾಚೆ ಅಪ್‌ಡೇಟಿನಿಂದಲೇ ಫ್ಯಾನು ಕೆಟ್ಟಿತು, ಒಪ್ಪಿಕೊಂಡೇ ಸರಿ ಮಾಡಿಸಿದರು ಎಂದು ತೀರ್ಥಹಳ್ಳಿಯಲ್ಲಿ ಇತಿಹಾಸವಾಯಿತು. ಹೊಸಬರೇ, ನಿಮ್ಮದಲ್ಲದ ಫ್ಯಾನನ್ನು ಮುಟ್ಟಬೇಡಿ.

ಇನ್ನು ಹೊಸನಗರ. ಅಲ್ಲಿ ಹೂವಮ್ಮ ಎಂಬ ಆಯಾ ಇದ್ದರು. ನಗರ ಎಂಬ ಊರಿನ ಕೋಟೆಯ ಹತ್ತಿರದ ಹಳ್ಳಿ ಅವರದು, ದಿನಾ ಬೆಳಿಗ್ಗೆಯ ಬಸ್ಸಿಗೆ ಬರುತ್ತಿದ್ದರು. ಆಸ್ಪತ್ರೆ ಶುರುವಾದಂದಿನಿಂದ ಕೆಲಸಕ್ಕಿದ್ದರೂ ದಿನಗೂಲಿಯಲ್ಲೇ ಇದ್ದರು. ಅವರನ್ನು ಖಾಯಂ ಮಾಡುವ ಕಡತ ಸಾಗರದಲ್ಲಿ ಚಂದ್ರಶೇಖರಪ್ಪನವರ ಮೇಜಿನ ಮೇಲೆ ಹಲವು ವರ್ಷಗಳಿಂದ ಓದಿಸಿಕೊಳ್ಳುತ್ತಿತ್ತು. ಹೂವಮ್ಮನ ಗಂಡ ತೀರಿಕೊಂಡಿದ್ದರು. ಖಾಯಂ ಆದರೆ ಮುಪ್ಪಿನಲ್ಲಿ ಯಾರ ಮುಂದೂ ಕೈ ಚಾಚಬೇಕಿಲ್ಲ ಎಂಬುದೊಂದೇ ಅವರ ಆಸೆ. ನಾನು ಹೋದಾಗೆಲ್ಲ ಕೇಳುತ್ತಿದ್ದರು: "ಸಾರ್, ನನ್ ಕಾಗ್ದ ಎಲ್ಲಿಗ್ ಬಂತು?"

ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಹೊರಗಿನಿಂದ ಬರುವ ಹೊಸಬರಿಗೆ ಹೇಳುತ್ತೇನೆ. ನಮ್ಮಲ್ಲಿ ಗುಡುಗಿನ ಮೊದಲ ಸದ್ದು ಕೇಳಿದ ತಕ್ಷಣ ಮನೆಯಲ್ಲಿ ಯಾರಾದರೊಬ್ಬರು ಎದ್ದು ಟೀವಿಯ ಪ್ಲಗ್ಗು ಕೀಳುತ್ತಾರೆ. ಆಮೇಲೆ ಫೋನಿನ ವೈರು, ಆಮೇಲೆ ಮಿಕ್ಕದ್ದು. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಗೋಡೆಯಿಂದ ದೂರ ಇಡಬೇಕು. ಒಂದು ಮಳೆಗಾಲ ಸುಟ್ಟುಕೊಂಡವರು ಯಾರೂ ಇದನ್ನು ಮರೆಯುವುದಿಲ್ಲ. ಹೊಸನಗರದ ಆಸ್ಪತ್ರೆಯಲ್ಲಿ ಈ ಕೆಲಸವನ್ನು ಯಾರೂ ಹೇಳದೆಯೇ ಹೂವಮ್ಮ ವಹಿಸಿಕೊಂಡಿದ್ದರು.

ಒಂದು ವೈಶಾಖದ ಬಿಸಿಲಿನಲ್ಲಿ ಹೊಸನಗರಕ್ಕೆ ಹೋಗಿದ್ದೆ. ಅಪ್‌ಡೇಟ್ ಶುರು ಮಾಡಿ, ಪರದೆಯ ಮೇಲೆ ಇಷ್ಟು ಶೇಕಡಾ ಆಯಿತು, ಯಂತ್ರವನ್ನು ಆರಿಸಬೇಡಿ ಎಂದು ಇಂಗ್ಲಿಷಿನಲ್ಲಿ ಬಂದದ್ದನ್ನು ನೋಡಿ, ಪಕ್ಕದ ಹೋಟೆಲಿಗೆ ಊಟಕ್ಕೆ ಹೋದೆ. ಸಾರನ್ನ ಮುಗಿಸಿ ಮಜ್ಜಿಗೆಗೆ ಕೈ ಚಾಚುವಾಗ ನಗರದ ಕಡೆಯಿಂದ ಒಂದು ಗುಡುಗು ಕೇಳಿಸಿತು. ನನಗೆ ಏನೂ ಅನಿಸಲಿಲ್ಲ. ಇನ್ನೊಂದು ಲೋಟ ಮಜ್ಜಿಗೆ ಹಾಕಿಸಿಕೊಂಡೆ.

ವಾಪಸು ಬಂದಾಗ ಸರ್ವರಿನ ಕೋಣೆಯಲ್ಲಿ ಒಂದು ಸದ್ದಿಲ್ಲ. ಸರ್ವರಿನ ಪ್ಲಗ್ಗು, ಕರೆಂಟು ಹೋದಾಗ ಕಾಪಾಡಬೇಕಾಗಿದ್ದ ಯುಪಿಎಸ್‌ನ ಪ್ಲಗ್ಗು, ನೆಟ್‌ವರ್ಕಿನ ವೈರು, ಮೋಡೆಮ್ಮಿನ ವೈರು ಎಲ್ಲವನ್ನೂ ಕಿತ್ತು, ಒಂದೊಂದನ್ನೂ ನೀಟಾಗಿ ಸುತ್ತಿ, ನೆಲದ ಥಂಡಿ ತಾಗಬಾರದೆಂದು ಗೋಣಿತಾಟಿನ ಮೇಲೆ ಸಾಲಾಗಿ ಮಲಗಿಸಲಾಗಿತ್ತು. ಪಕ್ಕದಲ್ಲಿ ಹೂವಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಿಂತಿದ್ದರು.

"ಬಂದ್ರಾ ಸಾರ್? ನೀವಿರ್ಲಿಲ್ಲ. ನಿಮ್ ಮಿಶಿನ್ ನಾನೇ ಉಳಿಸ್ದೆ."

ನನಗೆ ನಗು ಬಂತೋ ಅಳು ಬಂತೋ ಈಗ ನೆನಪಿಲ್ಲ. ಅರ್ಧ ಅಪ್‌ಡೇಟಿನಲ್ಲಿ ಉಸಿರು ನಿಂತ ಸರ್ವರ್ ಮತ್ತೆ ಏಳಲಿಲ್ಲ. ಬ್ಯಾಕಪ್ಪಿನ ಡಿಸ್ಕು ಎಲ್ಲಿದೆ ಎಂದರೆ ಸಾಗರದಲ್ಲಿ, ನನ್ನ ಬೀರುವಿನಲ್ಲಿ, ಬಹಳ ಭದ್ರವಾಗಿ. ಮಾರನೆಯ ದಿನ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಎರಡು ದಿನ ಆಸ್ಪತ್ರೆ ಕಾಗದ ಪೆನ್ನಿನಲ್ಲೇ ನಡೆಯಿತು. ಅಷ್ಟು ದಿನ ಮನಸ್ಸಿಗೆ ಬಹಳ ಹಗುರವಾಗಿತ್ತು ಎಂದು ಲ್ಯಾಬಿನವರು ಆಮೇಲೆ ಹೇಳಿದರು.

ಚಂದ್ರಶೇಖರಪ್ಪನವರು ಕೆಂಡವಾದರು. ಹೂವಮ್ಮನನ್ನು ಮನೆಗೆ ಕಳಿಸಿಬಿಡುತ್ತೇನೆ ಎಂದರು. ನಾನು ಅಡ್ಡ ಬಂದು, ಒಂದು ಮೆಮೋ ಸಾಕು ಸಾರ್, ಇನ್ನು ಮುಂದೆ ಆಗದ ಹಾಗೆ ನೋಡಿಕೊಳ್ಳುತ್ತೇನೆ ಎಂದೆ. ಮೆಮೋ ಹೋಯಿತು. ಖಾಯಂ ಕಡತ ಮೇಜಿನ ಮೇಲಿಂದ ಕೆಳಗಿನ ಡ್ರಾಯರಿಗೆ ಹೋಯಿತು. ಇನ್ನೊಂದು ತಪ್ಪಾದರೆ ಕೆಲಸವೇ ಇಲ್ಲ ಎಂದು ಮೆಮೋದ ಕೊನೆಯಲ್ಲಿತ್ತು. ಗೋಡೆಗೆ ಹಾಕಲು ನಾನೇ ದಪ್ಪಕ್ಷರದಲ್ಲಿ ಒಂದು ಬೋರ್ಡು ಬರೆದೆ: "ಎಷ್ಟೇ ಗುಡುಗಿದರೂ ಇಲ್ಲಿನ ಯಾವ ವೈರನ್ನೂ ಯಾರೂ ಕೀಳತಕ್ಕದ್ದಲ್ಲ." ಕೆಳಗೆ ನನ್ನ ಸಹಿ, ಆಡಳಿತಾಧಿಕಾರಿಯ ಮೊಹರು. ಹೂವಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದಿ, ತಿಳಿಯಿತೆಂದು ಸಹಿ ಮಾಡಿದರು. ಒಬ್ಬ ಬಡವಿಯ ಕೆಲಸ ಉಳಿಸಿದೆ ಎಂದು ನಾನು ಎದೆಯುಬ್ಬಿಸಿ ಬಸ್ಸು ಹತ್ತಿದೆ.

ಆಮೇಲೆ ಕೆಲಸದ ರೀತಿ ಬದಲಾಯಿತು. ಸಾಗರದಲ್ಲಿ ಕೂತೇ ಮೂರೂ ಸರ್ವರ್‌ಗಳನ್ನು ನಡೆಸುವ ವ್ಯವಸ್ಥೆ ಬಂತು. ಬಸ್ಸು ತಪ್ಪಿತು, ಹೋಟೆಲ್ ಊಟ ತಪ್ಪಿತು. ತಪ್ಪು ಮಾಡುವ ವೇಗ ಮಾತ್ರ ಹೆಚ್ಚಿತು. ಶುರುವಿನಲ್ಲೇ ಒಂದು ಸೋಮವಾರ ಬೆಳಿಗ್ಗೆ, ಪರದೆಯ ಮೇಲೆ ಮೂರೂ ಊರಿನ ಕಪ್ಪು ಕಿಟಕಿಗಳನ್ನು ತೆರೆದುಕೊಂಡು, ಹೊಸನಗರವನ್ನು ರೀಸ್ಟಾರ್ಟ್ ಮಾಡಿದೆ. ಗೋಡೆಯಾಚೆಯಿಂದ, ಸಾಗರದ ಚೀಟಿ ಕೌಂಟರಿನಲ್ಲಿ, ಒಮ್ಮೆಲೇ ಗಲಾಟೆ ಎದ್ದಿತು. ರೀಸ್ಟಾರ್ಟ್ ಆದದ್ದು ಹೊಸನಗರ ಅಲ್ಲ. ಹೊರಗೆ ಹೋಗಿ ಜನರ ನಡುವೆ ನಿಂತು, ಏನಾಯಿತಂತೆ ಎಂದು ನಾನೂ ವಿಚಾರಿಸಿದೆ. ಅಂದಿನಿಂದ ಸಾಗರದ ಕಿಟಕಿಗೆ ಕೆಂಪು ಬಣ್ಣ, ತೀರ್ಥಹಳ್ಳಿಗೆ ಹಳದಿ, ಹೊಸನಗರಕ್ಕೆ ಹಸಿರು ಹಾಕಿಕೊಂಡೆ. ಇದನ್ನು ನೀವೂ ಮಾಡಿ. ಮೊದಲ ಗಲಾಟೆಗೆ ಮುಂಚೆ ಮಾಡಿದರೆ ಒಳ್ಳೆಯದು.

ಬ್ಯಾಕಪ್ ವಿಷಯದಲ್ಲೂ ಬುದ್ಧಿವಂತನಾಗಿದ್ದೆ. ಡಿಸ್ಕು ಸಾಗರದಲ್ಲಿ ಇದ್ದದ್ದಕ್ಕೆ ತಾನೆ ತೊಂದರೆಯಾದದ್ದು ಎಂದು, ಹೊಸನಗರದ ಡಿಸ್ಕನ್ನು ಹೊಸನಗರದ ಸರ್ವರಿಗೇ ಸಿಕ್ಕಿಸಿ ಬಿಟ್ಟಿದ್ದೆ. ವಾರಕ್ಕೊಮ್ಮೆ ಒಂದು ಪ್ರತಿ ಸಾಗರಕ್ಕೂ ಬರುತ್ತಿತ್ತು.

ಮತ್ತೊಂದು ಬೇಸಿಗೆ ಬಂತು. ಮಧ್ಯಾಹ್ನ ಸಾಗರದಲ್ಲಿ ಕೂತು ಹೊಸನಗರಕ್ಕೆ ಅಪ್‌ಡೇಟ್ ಶುರು ಮಾಡಿದ್ದೆ. ಮುಕ್ಕಾಲು ಪಾಲು ದಾಟಿತ್ತು. ಮೊಬೈಲು ಬಡಿದುಕೊಂಡಿತು.

"ಸಾರ್, ಹೂವಮ್ಮ. ಗುಡುಗ್ತಾ ಉಂಟು. ಕೀಳ್ಲಾ?"

ಕಿಟಕಿಯಿಂದ ನೋಡಿದೆ. ಸಾಗರದಲ್ಲಿ ಕಣ್ಣು ಕುಕ್ಕುವ ಬಿಸಿಲು.

"ಬೇಡ ಹೂವಮ್ಮಾ. ಅಪ್‌ಡೇಟ್ ನಡೀತಿದೆ."

"ನಗರದ್ ಬದಿ ಪೂರಾ ಕಪ್ಪಾಗಿದೆ ಸಾರ್. ಇದು ಬರಿ ಗುಡುಗಿ ಹೋಗೋ ಮೋಡ ಅಲ್ಲ."

"ಹತ್ತೇ ನಿಮಿಷ. ಬೋರ್ಡ್ ಓದಿದೀರಲ್ಲ?"

"ಓದಿದೀನಿ ಸಾರ್. ಬಾಕಿ ಎಲ್ಲಾ ಕಿತ್ತಾಯ್ತು. ನಿಮ್ದೊಂದೇ ಬಿಟ್ಟಿದ್ದು."

"ಹಾಗೇ ಬಿಡಿ," ಎಂದೆ. ನನ್ನ ಕಣ್ಣು ಶೇಕಡಾದ ಮೇಲಿತ್ತು. ಇನ್ನು ಸ್ವಲ್ಪವೇ ಬಾಕಿ ಇತ್ತು. ಹಸಿರು ಕಿಟಕಿ ಒಮ್ಮೆ ಅಲುಗಿದಂತಾಗಿ ಹಾಗೆಯೇ ನಿಂತುಬಿಟ್ಟಿತು. ಸಂಪರ್ಕ ಕಡಿದಿದೆ ಎಂದು ಬಂತು. ಮೊಬೈಲಿನಲ್ಲಿ ಹೂವಮ್ಮನ ದನಿ ಕೇಳಿಸಿತು: "ಹೋಯ್ತು ಸಾರ್."

ಸಿಡಿಲು ಕರೆಂಟಿನ ತಂತಿಯಲ್ಲಿ ಬರಲಿಲ್ಲ. ದೂರವಾಣಿಯ ತಂತಿಯಲ್ಲಿ ಬಂದು, ಮೋಡೆಮ್ಮನ್ನು ಸುಟ್ಟು, ಅಲ್ಲಿಂದ ಸರ್ವರಿಗೆ ಇಳಿದು, ಪಕ್ಕದಲ್ಲಿ ನಾನು ಬುದ್ಧಿವಂತಿಕೆಯಿಂದ ಸಿಕ್ಕಿಸಿಟ್ಟಿದ್ದ ಬ್ಯಾಕಪ್ ಡಿಸ್ಕನ್ನೂ ಮುಗಿಸಿತ್ತು. ಇಡೀ ಆಸ್ಪತ್ರೆಯಲ್ಲಿ ಹೂವಮ್ಮ ಕಿತ್ತಿದ್ದ ಒಂದು ವಸ್ತುವಿಗೂ ಏನೂ ಆಗಿರಲಿಲ್ಲ. ಟೀವಿ ಉಳಿದಿತ್ತು, ಇಸಿಜಿ ಯಂತ್ರ ಉಳಿದಿತ್ತು, ನರ್ಸುಗಳ ಕೋಣೆಯ ಮಿಕ್ಸಿ ಕೂಡ ಉಳಿದಿತ್ತು. ಸುಟ್ಟದ್ದು ನನ್ನ ಬೋರ್ಡು ಕಾಪಾಡುತ್ತಿದ್ದ ಯಂತ್ರಗಳು ಮಾತ್ರ.

ಒಂದು ವಾರದ ದಾಖಲೆ ಪೂರ್ತಿ ಹೋಯಿತು. ಲ್ಯಾಬಿನವರು ನನ್ನ ಮೇಲೆ ನಂಬಿಕೆ ಇಲ್ಲದೆ ಗುಟ್ಟಾಗಿ ಪುಸ್ತಕದಲ್ಲೂ ಬರೆದಿಡುತ್ತಿದ್ದರಿಂದ ಬಚಾವಾದೆವು. ಹಿಂದೆ ಇದಕ್ಕೇ ಅವರನ್ನು ನಾನು ಬೈದಿದ್ದೆ.

ಚಂದ್ರಶೇಖರಪ್ಪನವರಿಗೆ ಟ್ರಸ್ಟಿನ ಸಭೆಗೆ ವರದಿ ಬೇಕಾಗಿತ್ತು.

"ಸಿಬ್ಬಂದಿಯ ನಿರ್ಲಕ್ಷ್ಯ ಅಂತ ಬರೀರಿ. ಅದೇ ಹೆಂಗಸಲ್ವಾ? ಹಿಂದೆ ಒಂದು ಮೆಮೋ ಇದೆ. ಮುಗೀತು."

"ಅವರು ಆದೇಶ ಪಾಲಿಸಿದಾರೆ ಸಾರ್."

"ಪಾಲಿಸಿದ್ರೆ ಯಾಕ್ರೀ ಸುಟ್ಟೋಯ್ತು? ಸಭೆಗೆ ಯಾರದಾದ್ರೂ ಒಂದು ಹೆಸರು ಬೇಕು. ನಿಮಗೂ ನಿವೃತ್ತಿ ಹತ್ರ ಬಂತು, ಯಾಕೆ ರಗಳೆ?"

ಇಲ್ಲಿ ನಾನು ಧೈರ್ಯವಂತನಂತೆ ಎದ್ದು ನಿಂತೆ ಎಂದು ಬರೆಯಬಹುದಿತ್ತು. ನಿಲ್ಲಲಿಲ್ಲ. ಮನೆಗೆ ಹೋಗಿ ಒಂದು ಕರಡು ಬರೆದೆ. "ಸ್ಥಳದಲ್ಲಿದ್ದ ಸಿಬ್ಬಂದಿಯಿಂದ ಸಕಾಲದಲ್ಲಿ ಸೂಕ್ತ ಕ್ರಮ ಜರುಗಲಿಲ್ಲವಾಗಿ" ಎಂದು ಬಹಳ ಚೆಂದದ ವಾಕ್ಯ. ಯಾರ ಹೆಸರೂ ಇಲ್ಲ, ಓದಿದವರಿಗೆ ಯಾರೆಂದು ಗೊತ್ತಾಗುತ್ತದೆ. ಅದನ್ನು ಜೇಬಿನಲ್ಲಿಟ್ಟುಕೊಂಡೇ ಹೊಸ ಸರ್ವರ್ ಕೂರಿಸಲು ಹೊಸನಗರಕ್ಕೆ ಹೋದೆ.

ಹೂವಮ್ಮ ಚಾ ತಂದಿಟ್ಟರು. ಬೈಯಲಿಲ್ಲ, ನಾನು ಹೇಳಿದ್ದೆನಲ್ಲ ಎನ್ನಲಿಲ್ಲ. ನಿಂತೇ ಇದ್ದರು. ಆಮೇಲೆ ಕೇಳಿದರು:

"ಸಾರ್, ನಾನ್ ಕೀಳ್ಬೇಕಿತ್ತಾ?"

"ಎಂತ?"

"ನೀವ್ ಬೇಡ ಅಂದ್ರೂ ಕೀಳ್ಬೇಕಿತ್ತೇನ ಅಂತ. ರಾತ್ರೆಲ್ಲ ನಿದ್ರೆ ಬರ್ಲಿಲ್ಲ ಸಾರ್. ಕಣ್ಣೆದ್ರಿಗೇ ಹೋಯ್ತಲ."

ನನಗೆ ನಾಚಿಕೆಯಾಯಿತು. ಇಷ್ಟು ನಾಚಿಕೆ ಸಾಗರದ ಕೌಂಟರಿನ ಗಲಾಟೆಯ ದಿನವೂ ಆಗಿರಲಿಲ್ಲ. ಕಿತ್ತಾಗ ಆಕೆಗೆ ಮೆಮೋ ಕೊಡಿಸಿದವನು ನಾನು. ಕೀಳದಂತೆ ತಡೆದವನೂ ನಾನೇ. ಈಗ ಆ ತಪ್ಪನ್ನೂ ಆಕೆಯೇ ತನ್ನ ತಲೆಯ ಮೇಲೆ ಹೊತ್ತುಕೊಂಡು ನಿಂತಿದ್ದರು. ನಾನು ಜೇಬಿನಲ್ಲಿ ಅದಕ್ಕೆ ಚೆಂದದ ವಾಕ್ಯ ಇಟ್ಟುಕೊಂಡು ಚಾ ಕುಡಿಯುತ್ತಿದ್ದೆ.

ಅಲ್ಲೇ ಕೂತು ವರದಿಯನ್ನು ಬೇರೆ ಬರೆದೆ. "ಮೋಡ ಕಾಣುತ್ತಿದ್ದವರು ಅಪಾಯವಿದೆ ಎಂದರು. ಮೋಡ ಕಾಣದ ನಾನು ಬೇಡ ಎಂದೆ. ಬೋರ್ಡು ಬರೆದವನೂ ನಾನು, ಬ್ಯಾಕಪ್ ಡಿಸ್ಕನ್ನು ಅಲ್ಲೇ ಇಟ್ಟವನೂ ನಾನು. ಹಿಂದಿನ ಸಲದ ಮೆಮೋ ಕೂಡ ನ್ಯಾಯವಲ್ಲ, ಅಪ್‌ಡೇಟ್ ನಡೆಯುವಾಗ ಯಂತ್ರ ಬಿಟ್ಟು ಊಟಕ್ಕೆ ಹೋದದ್ದು ನನ್ನ ತಪ್ಪು." ಚಂದ್ರಶೇಖರಪ್ಪನವರು ಮೂರು ಸಲ ಓದಿದರು. ಕನ್ನಡಕ ತೆಗೆದು ನಾಲ್ಕನೆಯ ಸಲವೂ ಓದಿದರು.

"ಏನ್ರೀ, ಇದು ವರದಿಯೋ ತಪ್ಪೊಪ್ಪಿಗೆಯೋ?"

"ಎರಡೂ ಸಾರ್."

ಸೇವಾವಧಿಯ ಒಂದೇ ಒಂದು ಮೆಮೋ ನನಗೆ ಸಿಕ್ಕಿತು. ಹೂವಮ್ಮನ ಹಳೆಯ ಮೆಮೋ ರದ್ದಾಯಿತು, ಕಡತ ಡ್ರಾಯರಿನಿಂದ ಮೇಲೆದ್ದಿತು. ಮಳೆಗಾಲ ಮುಗಿಯುವ ಹೊತ್ತಿಗೆ ಖಾಯಂ ಆದೇಶ ಬಂತು. ಕರ್ತವ್ಯಗಳ ಪಟ್ಟಿಯ ಕೊನೆಯಲ್ಲಿ ಚಂದ್ರಶೇಖರಪ್ಪನವರು, ಸಿಟ್ಟಿನಿಂದಲೋ ತಮಾಷೆಗೋ, ಸ್ವಂತ ಕೈಯಲ್ಲಿ ಒಂದು ಸಾಲು ಸೇರಿಸಿದ್ದರು: "ಗುಡುಗಿನ ಸಂದರ್ಭದಲ್ಲಿ ವಿವೇಚನಾನುಸಾರ ಪ್ಲಗ್ ಕೀಳುವುದು." ಹೂವಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿದರು.

ಆಮೇಲೆ ಹೊಸನಗರದ ಅಪ್‌ಡೇಟ್ ವೇಳಾಪಟ್ಟಿಯನ್ನು ಅವರ ಜೊತೆ ಕೂತು ಮಾಡಿದೆ. ತಿಂಗಳ ಲೆಕ್ಕ ಬಿಟ್ಟು ಮಳೆ ನಕ್ಷತ್ರದ ಲೆಕ್ಕ. ಭರಣಿ, ಕೃತ್ತಿಕೆ: ಬೆಳಿಗ್ಗೆ ಮಾತ್ರ. ರೋಹಿಣಿ: ಹೂವಮ್ಮನನ್ನು ಕೇಳಿ ಮಾಡುವುದು. "ಪುಷ್ಯದಾಗೆ ಹಿಡ್ದ ಮಳೆ ಸಾರ್, ಗುಡುಗಲ್ಲ. ಎಷ್ಟ್ ಬೇಕಾರೂ ಮಾಡ್ಕಳಿ." ಚಿತ್ತಾ, ಸ್ವಾತಿ: ಮತ್ತೆ ಎಚ್ಚರ. ಬೆಂಗಳೂರಿನಿಂದ ತಪಾಸಣೆಗೆ ಬಂದ ಒಬ್ಬರು ಈ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬದಲಾವಣೆಗೆ ಅನುಮೋದನೆ ಕೊಡುವ ಅಧಿಕಾರಿ ಯಾರು ಎಂದು ಕೇಳಿದರು. ನಾನು ಹೊರಗೆ ವರಾಂಡ ಒರೆಸುತ್ತಿದ್ದ ಹೂವಮ್ಮನ ಕಡೆ ಕೈ ತೋರಿಸಿದೆ. ತಪಾಸಣೆಯವರು ನಗಲಿಲ್ಲ. ಹುದ್ದೆಯ ಹೆಸರನ್ನು ಬರೆದುಕೊಂಡರು.

ನಾನು ನಿವೃತ್ತನಾದ ದಿನ ರೋಹಿಣಿ ಮಳೆಯ ಕಾಲ. ತೀರ್ಥಹಳ್ಳಿ, ಸಾಗರ ಎರಡನ್ನೂ ಆ ವಾರ ಮುಗಿಸಿದ್ದೆ. ಮಳೆಯ ದೆಸೆಯಿಂದ ಈ ಸಲ ಹೊಸನಗರ ಕೊನೆಗೆ ಉಳಿದಿತ್ತು. ಅದೂ ಆಗಿಬಿಟ್ಟರೆ ಮೂರೂ ಸರ್ವರ್‌ಗಳನ್ನು ಒಂದು ತೂತೂ ಇಲ್ಲದಂತೆ ಒಪ್ಪಿಸಿ ಹೋಗಬಹುದು ಎಂದು ಆಸೆ. ಮೂರು ಗಂಟೆಗೆ ನನಗೆ ಬೀಳ್ಕೊಡುಗೆ ಸಭೆ, ಹಾರ ಬಂದಾಗಿತ್ತು. ಎರಡು ಗಂಟೆಗೆ ಫೋನು ಮಾಡಿದೆ.

"ಹೂವಮ್ಮಾ, ಮಾಡ್ಲಾ?"

ಅವರು ಅಂಗಳಕ್ಕೆ ಇಳಿದದ್ದು ಚಪ್ಪಲಿಯ ಸದ್ದಿನಲ್ಲಿ ಗೊತ್ತಾಯಿತು. ನಗರದ ಬದಿಯ ಮೋಡ ನೋಡುತ್ತಿದ್ದಿರಬೇಕು.

"ಇವತ್ತು ಬೇಡ ಸಾರ್. ನಾಳೆ."

"ನಾಳೆ ನಾನು ಇರಲ್ಲ ಹೂವಮ್ಮ. ಇವತ್ತೇ ಕೊನೆ ದಿನ."

"ಗೊತ್ತು ಸಾರ್. ಮಿಶಿನ್ ಇರ್ತದಲ್ಲ."

ಅಂದು ಸಂಜೆಯವರೆಗೂ ಹೊಸನಗರದಲ್ಲಿ ಗುಡುಗಲಿಲ್ಲವಂತೆ, ಒಂದು ಹನಿಯೂ ಬೀಳಲಿಲ್ಲವಂತೆ. ಅದು ನನಗೆ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ನಾನು ಹಸಿರು ಕಿಟಕಿಯನ್ನು ಮುಚ್ಚಿ, ಅಪ್‌ಡೇಟ್ ಹಾಕದೆ, ಹಾರ ಹಾಕಿಸಿಕೊಳ್ಳಲು ಹೋಗಿಯಾಗಿತ್ತು.